ಗಣಕಯಂತ್ರದ ಗಡಿಯಾರ: ವ್ಯತ್ಯಾಸದ ಕಾರಣಗಳು ಮತ್ತು ಪರಿಹಾರ

ಹೈದರಾಬಾದಿನ ಉಪ್ಪಲ್ ರಸ್ತೆಯಲ್ಲಿ 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಇದೆ. ಭೂಕಂಪಗಳ ಅಧ್ಯಯನವು ಈ ಸಂಸ್ಥೆಯ ಮುಖ್ಯ ಕಾರ್ಯಗಳಲ್ಲಿ ಒಂದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ್ ಜಿಲ್ಲೆಗೆ ಹೊಂದಿಕೊಂಡಿರುವ ಲಾತೂರು ಜಿಲ್ಲೆಯ ಕಿಲ್ಲಾರಿ ಪ್ರದೇಶದಲ್ಲಿ ಸಂಭವಿಸಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಭೂಕಂಪವನ್ನು ಅನೇಕರು ಇಂದಿಗೂ ಮರೆತಿಲ್ಲ. ಇಂತಹ ಕಂಪನದ ಕೇಂದ್ರ ಎಲ್ಲಿದೆ ಎಂಬುದನ್ನು ತಿಳಿಯಲು, ಬೇರೆಬೇರೆ ಕೇಂದ್ರಗಳನ್ನು ಅಲೆಗಳು ತಲುಪಿದ ಸಮಯವನ್ನು ಹೋಲಿಸಿ ಲೆಕ್ಕ ಹಾಕಲಾಗುತ್ತದೆ. ಮೊದಲು ಬರುವ ಅಲೆಗಳು ಭೂಮಿಯ ಹೊರಪದರದಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಚಲಿಸುತ್ತವೆ. ಆದುದರಿಂದ ಒಂದು ಕೇಂದ್ರದ ಗಡಿಯಾರ ಒಂದೇ ಒಂದು ಸೆಕೆಂಡು ತಪ್ಪಿದರೂ ಆ ಕೇಂದ್ರದಿಂದ ಅಳೆದ ದೂರದಲ್ಲಿ ಹಲವು ಕಿಲೋಮೀಟರ್‌ಗಳ ವ್ಯತ್ಯಾಸ ಉಂಟಾಗುತ್ತದೆ. ಈ ಕಾರಣದಿಂದ ಇಂದಿನ ಭೂಕಂಪಮಾಪಕಗಳು ಉಪಗ್ರಹಗಳಿಂದ ಸಮಯವನ್ನು ಪಡೆದು ತಮ್ಮ ಗಡಿಯಾರವನ್ನು ಸರಿಪಡಿಸಿಕೊಳ್ಳುತ್ತವೆ.

ಮನೆಯ ಅಥವಾ ಕಚೇರಿಯ ಗಣಕಯಂತ್ರಕ್ಕೆ ಇಷ್ಟು ಸೂಕ್ಷ್ಮತೆ ಬೇಕಿಲ್ಲ. ಆದರೆ ಅದರ ಗಡಿಯಾರ ತಪ್ಪಿದಾಗ ಆಗುವ ತೊಂದರೆಗಳು ಅಲ್ಪವಲ್ಲ. ಬ್ಯಾಂಕಿನ ಅಥವಾ ಸರ್ಕಾರಿ ಸೇವೆಯ ಸುರಕ್ಷಿತ ಜಾಲತಾಣಕ್ಕೆ ಒಂದು ಪ್ರಮಾಣಪತ್ರವಿರುತ್ತದೆ. ಅದಕ್ಕೆ ಆರಂಭ ಮತ್ತು ಅಂತ್ಯದ ದಿನಾಂಕಗಳಿರುತ್ತವೆ. ಯಂತ್ರವು ಇಂದಿನ ದಿನವನ್ನು ಹತ್ತು ವರ್ಷ ಹಿಂದಿನದೆಂದು ಭಾವಿಸಿದರೆ ಆ ಪ್ರಮಾಣಪತ್ರವನ್ನು ತಿರಸ್ಕರಿಸುತ್ತದೆ. ಅರ್ಜಿ ಸಲ್ಲಿಸುವ ಕೊನೆಯ ದಿನ ಹೀಗಾದರೆ ಅಭ್ಯರ್ಥಿಯ ಅವಕಾಶವೇ ಕೈತಪ್ಪಬಹುದು. 30 ಸೆಕೆಂಡಿಗೊಮ್ಮೆ ಬದಲಾಗುವ ಗುಪ್ತಸಂಖ್ಯೆಯನ್ನು ಯಂತ್ರದಲ್ಲಿಯೇ ಸೃಷ್ಟಿಸುವ ವ್ಯವಸ್ಥೆಯೂ ಸಮಯ ತಪ್ಪಿದಾಗ ವಿಫಲವಾಗುತ್ತದೆ. ಕಡತಗಳ ಮೇಲೆ ದಾಖಲಾಗುವ ದಿನಾಂಕವೂ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ.

ಗಡಿಯಾರ ನಡೆಯುವ ಬಗೆ

ಗಣಕಯಂತ್ರದ ಮುಖ್ಯ ಫಲಕದಲ್ಲಿ ಒಂದು ಪುಟ್ಟ ಗಡಿಯಾರವಿರುತ್ತದೆ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವೊಂದು ಅದರ ಆಧಾರ. ಯಂತ್ರಕ್ಕೆ ವಿದ್ಯುತ್ ಇಲ್ಲದಿರುವಾಗ ನಾಣ್ಯದ ಆಕಾರದ 3 ವೋಲ್ಟಿನ ಬ್ಯಾಟರಿಯು ಇದನ್ನು ನಡೆಸುತ್ತದೆ. ಯಂತ್ರವನ್ನು ಚಾಲೂ ಮಾಡಿದೊಡನೆ ವಿಂಡೋಸ್‌ನಂತಹ ಕಾರ್ಯವ್ಯವಸ್ಥೆಯು ಇದರಿಂದ ಸಮಯವನ್ನು ಓದಿಕೊಂಡು ಮುಂದಿನ ಎಣಿಕೆಯನ್ನು ತಾನೇ ನಡೆಸುತ್ತದೆ.

ಸ್ಫಟಿಕದ ಕಂಪನವು ಉಷ್ಣತೆಗೆ ಅನುಗುಣವಾಗಿ ಸ್ವಲ್ಪ ಬದಲಾಗುತ್ತದೆ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಸುಮಾರು 50 ಸೆಕೆಂಡು ತಪ್ಪುತ್ತದೆ. ಆದುದರಿಂದ ಈ ಗಡಿಯಾರವನ್ನು ಆಗಾಗ ನಂಬಿಕೆಯ ಗಡಿಯಾರವೊಂದರ ಜೊತೆ ಹೋಲಿಸಿ ಸರಿಪಡಿಸುವುದು ಅವಶ್ಯಕ.

ನಮ್ಮ ದೇಶದಲ್ಲಿ ಆ ಹೊಣೆಯನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಹೊತ್ತಿದೆ. ಅಲ್ಲಿನ ಪರಮಾಣು ಗಡಿಯಾರಗಳು ಭಾರತೀಯ ಆದರ್ಶ ಕಾಲಮಾನವನ್ನು ಕಾಯ್ದುಕೊಂಡು ಬರುತ್ತಿವೆ. ಗಣಕಯಂತ್ರವು ಅಂತರ್ಜಾಲದ ಮೂಲಕ ಇಂತಹ ಮೂಲವನ್ನು ಸಮಯ ಕೇಳುವ ಕ್ರಮವನ್ನು ಎನ್.ಟಿ.ಪಿ. ಎಂದು ಕರೆಯುತ್ತಾರೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಅವರು 1980ರ ದಶಕದಲ್ಲಿ ಇದನ್ನು ರೂಪಿಸಿದರು. ಪ್ರಶ್ನೆ ಹೊರಟ ಸಮಯ, ಅದು ಮೂಲವನ್ನು ತಲುಪಿದ ಸಮಯ, ಉತ್ತರ ಅಲ್ಲಿಂದ ಹೊರಟ ಸಮಯ, ಮರಳಿ ಬಂದ ಸಮಯ - ಈ ನಾಲ್ಕನ್ನೂ ಗುರುತಿಸಿ, ದಾರಿಯಲ್ಲಿ ಕಳೆದ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇದರ ವೈಶಿಷ್ಟ್ಯ.

ದೋಷವನ್ನು ಗುರುತಿಸುವುದು

ಸಮಯ ತಪ್ಪಿದೆ ಎಂದ ಕೂಡಲೇ ಕೈಯಿಂದ ತಿದ್ದಿ ಸುಮ್ಮನಾಗುವುದು ಸರಿಯಲ್ಲ. ಕಾರಣ ಉಳಿದರೆ ದೋಷ ಮರುಕಳಿಸುತ್ತದೆ. ಎಷ್ಟು ತಪ್ಪಿದೆ ಮತ್ತು ಯಾವಾಗ ತಪ್ಪುತ್ತದೆ ಎಂಬ ಎರಡು ಅಂಶಗಳನ್ನು ಗಮನಿಸಿದರೆ ಕಾರಣವು ಬಹುಮಟ್ಟಿಗೆ ತಿಳಿಯುತ್ತದೆ.

1. ಚಾಲೂ ಮಾಡಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗಿದ್ದರೆ: ಬ್ಯಾಟರಿ ಮುಗಿದಿದೆ ಎಂದು ಭಾವಿಸಬಹುದು. ಗೋಡೆಯ ಸ್ವಿಚ್ಚನ್ನು ಆರಿಸದೆ ಬಿಟ್ಟರೆ ಸಮಯ ಸರಿಯಾಗಿದ್ದು, ಆರಿಸಿದಾಗ ಮಾತ್ರ ತಪ್ಪುವುದು ಇದರ ಸ್ಪಷ್ಟ ಲಕ್ಷಣ. ಮೇಜಿನ ಮೇಲಿಡುವ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ಸಿ.ಆರ್. 2032 ಎಂಬ ಬ್ಯಾಟರಿ ಇರುತ್ತದೆ. ವಿದ್ಯುತ್ ತಂತಿಯನ್ನು ಪೂರ್ಣವಾಗಿ ತೆಗೆದ ನಂತರ, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ, ಹಳೆಯ ಬ್ಯಾಟರಿ ಯಾವ ಮುಖವಾಗಿ ಇತ್ತೋ ಹಾಗೆಯೇ ಹೊಸದನ್ನು ಕೂರಿಸಬೇಕು. ಲ್ಯಾಪ್‌ಟಾಪ್ ಆದರೆ ಈ ಕೆಲಸವನ್ನು ತಜ್ಞರಿಗೆ ವಹಿಸುವುದು ಲೇಸು. ತೆಗೆದ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಅದನ್ನು ನುಂಗಿದರೆ ಅನ್ನನಾಳ ಸುಟ್ಟು ಪ್ರಾಣಾಪಾಯ ಉಂಟಾಗಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

2. ವ್ಯತ್ಯಾಸವು ಕರಾರುವಾಕ್ಕಾಗಿ ಐದೂವರೆ ಗಂಟೆ ಇದ್ದರೆ: ಗಡಿಯಾರದಲ್ಲಿ ದೋಷವಿಲ್ಲ, ಕಾಲವಲಯದ ಆಯ್ಕೆಯಲ್ಲಿ ಇದೆ. ಭಾರತೀಯ ಕಾಲಮಾನವು 82 ಡಿಗ್ರಿ 30 ಮಿನಿಟು ಪೂರ್ವ ರೇಖಾಂಶವನ್ನು ಆಧರಿಸಿದ್ದು, ಯು.ಟಿ.ಸಿ. ಎಂಬ ಜಾಗತಿಕ ಕಾಲಕ್ಕಿಂತ 5 ಗಂಟೆ 30 ಮಿನಿಟು ಮುಂದಿದೆ. ಸೆಟ್ಟಿಂಗ್ಸ್‌ನಲ್ಲಿ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂದಿರುವ ವಲಯವನ್ನು ಆರಿಸಿದರೆ ಸಾಕು. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದಾಗಲೂ ಇದೇ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ಫಲಕದ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ಸಮಯವೆಂದೂ ತಿಳಿಯುವುದೇ ಇದಕ್ಕೆ ಕಾರಣ. ಎರಡೂ ಒಂದೇ ಕ್ರಮವನ್ನು ಅನುಸರಿಸುವಂತೆ ಒಂದರ ಆಯ್ಕೆಯನ್ನು ಬದಲಾಯಿಸಬೇಕು.

3. ದಿನೇ ದಿನೇ ಸ್ವಲ್ಪ ಸ್ವಲ್ಪವಾಗಿ ತಪ್ಪುತ್ತಿದ್ದರೆ: ಹೊರಗಿನ ಮೂಲದೊಂದಿಗೆ ಹೋಲಿಕೆ ನಡೆಯುತ್ತಿಲ್ಲ. ವಿಂಡೋಸ್‌ನಲ್ಲಿ ದಿನಾಂಕ ಮತ್ತು ಸಮಯದ ಪುಟವನ್ನು ತೆರೆದು, ಸಮಯವನ್ನು ತಾನಾಗಿ ಹೊಂದಿಸುವ ಆಯ್ಕೆ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ನಂತರ 'ಸಿಂಕ್ ನೌ' ಎಂಬ ಗುಂಡಿಯನ್ನು ಒತ್ತಬೇಕು. ಫಲ ದೊರೆಯದಿದ್ದರೆ ಸೇವೆಗಳ ಪಟ್ಟಿಯಲ್ಲಿ 'ವಿಂಡೋಸ್ ಟೈಮ್' ಎಂಬುದು ನಿಂತಿದೆಯೇ ಎಂದು ಪರಿಶೀಲಿಸಿ ಚಾಲೂ ಮಾಡಬೇಕು. ಕಚೇರಿಗಳಲ್ಲಿ ಸುರಕ್ಷತಾ ತಡೆಯು ಎನ್.ಟಿ.ಪಿ. ಬಳಸುವ 123ನೆಯ ದ್ವಾರವನ್ನು ಮುಚ್ಚಿರುವುದೂ ಉಂಟು. ಜಾಲದ ಮೇಲ್ವಿಚಾರಕರು ಇದನ್ನು ಸರಿಪಡಿಸಬಲ್ಲರು.

ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ವ್ಯತ್ಯಾಸವು ಬಹಳ ದೊಡ್ಡದಾಗಿದ್ದರೆ, ಸಾಮಾನ್ಯವಾಗಿ 15 ಗಂಟೆಗಳಿಗಿಂತ ಹೆಚ್ಚಾಗಿದ್ದರೆ, ವಿಂಡೋಸ್ ತಾನಾಗಿ ಅದನ್ನು ತಿದ್ದುವುದಿಲ್ಲ. ಮೊದಲು ದಿನಾಂಕ ಮತ್ತು ಸಮಯವನ್ನು ಅಂದಾಜಾಗಿ ಕೈಯಿಂದ ಹೊಂದಿಸಿ, ಆಮೇಲೆ ಹೋಲಿಕೆ ನಡೆಸಬೇಕು. ಗಡಿಯಾರ ತಪ್ಪಿದೆ ಎಂಬ ಎಚ್ಚರಿಕೆಯನ್ನು ಜಾಲತಾಣವು ತೋರಿಸಿದಾಗ, ಅದನ್ನು ಕಡೆಗಣಿಸಿ ಮುಂದುವರಿಯುವುದು ಅಪಾಯಕರ. ಮೋಸದ ತಾಣಗಳಿಗೂ ಅದೇ ದಾರಿ ತೆರೆದುಕೊಳ್ಳುತ್ತದೆ.

ದೇಶೀಯ ಮೂಲಗಳು

ಬಳಕೆದಾರರು ಬಯಸಿದಲ್ಲಿ ಸಮಯದ ಮೂಲವಾಗಿ ರಾಷ್ಟ್ರೀಯ ಭೌತ ಪ್ರಯೋಗಾಲಯದ 'ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಒಆರ್‌ಜಿ' ಎಂಬ ವಿಳಾಸವನ್ನು ನಮೂದಿಸಬಹುದು. ರಾಷ್ಟ್ರೀಯ ಮಾಹಿತಿ ಕೇಂದ್ರವೂ 'ಸಮಯ್' ಎಂಬ ಹೆಸರಿನಲ್ಲಿ ಈ ಸೇವೆ ಒದಗಿಸುತ್ತದೆ. ಭಾರತೀಯ ಗಣಕ ತುರ್ತು ಸ್ಪಂದನ ತಂಡವು 2022ರ ಏಪ್ರಿಲ್ 28ರಂದು ನೀಡಿದ ನಿರ್ದೇಶನದಲ್ಲಿ, ಸರ್ಕಾರಿ ಸಂಸ್ಥೆಗಳು, ಕಂಪನಿಗಳು ಮತ್ತು ಸೇವಾದಾರರು ತಮ್ಮ ಗಡಿಯಾರಗಳನ್ನು ಈ ಎರಡು ಮೂಲಗಳಿಗೆ, ಅಥವಾ ಇವುಗಳಿಗೆ ಸರಿಹೊಂದುವ ಮೂಲಗಳಿಗೆ ಜೋಡಿಸಬೇಕೆಂದು ತಿಳಿಸಲಾಯಿತು. ಜಾಲದಲ್ಲಿ ವಂಚನೆ ನಡೆದಾಗ ಹಲವು ಯಂತ್ರಗಳ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ಘಟನೆಗಳ ಅನುಕ್ರಮವನ್ನು ಕಂಡುಕೊಳ್ಳಬೇಕಾಗುತ್ತದೆ. ಭೂಕಂಪದ ಕೇಂದ್ರವನ್ನು ಹುಡುಕುವಂತೆಯೇ ಇಲ್ಲಿಯೂ ಎಲ್ಲ ಗಡಿಯಾರಗಳು ಒಂದೇ ಸಮಯ ತೋರಿಸದಿದ್ದರೆ ತನಿಖೆ ದಾರಿ ತಪ್ಪುತ್ತದೆ.

ಗೃಹಬಳಕೆದಾರರಿಗೆ ಈ ನಿರ್ದೇಶನ ಅನ್ವಯಿಸದು. ಆದರೂ ತಿಂಗಳಿಗೊಮ್ಮೆ ಗಡಿಯಾರವನ್ನು ಪರಿಶೀಲಿಸುವ ರೂಢಿ ಎಲ್ಲರಿಗೂ ಹಿತಕರ. ಮುಖ್ಯವಾದ ಅರ್ಜಿ ಅಥವಾ ಹಣಕಾಸಿನ ವ್ಯವಹಾರವಿದ್ದಲ್ಲಿ ಹಿಂದಿನ ದಿನವೇ ಯಂತ್ರದ ದಿನಾಂಕ, ಸಮಯ ಮತ್ತು ಕಾಲವಲಯ ಈ ಮೂರನ್ನೂ ನೋಡಿಕೊಳ್ಳತಕ್ಕದ್ದು. ಎರಡು ನಿಮಿಷಗಳ ಈ ಕೆಲಸವು ಕೊನೆಯ ಗಳಿಗೆಯ ಪರದಾಟವನ್ನು ತಪ್ಪಿಸುತ್ತದೆ.