55 ಕಿಲೋ ತೂಕದ ಕುಸ್ತಿಪಟು



ಗೊರವನಹಳ್ಳಿಯ ಹುಡುಗನೊಬ್ಬ ಕೊರಟಗೆರೆ ತಾಲ್ಲೂಕು ಮಟ್ಟದ ಕುಸ್ತಿ ಪಂದ್ಯಕ್ಕೆ ಹೆಸರು ಕೊಟ್ಟನೆನ್ನಿ. ಅವನಿಗೆ ಎದುರಾಗುವ ಮೊದಲ ಪ್ರಶ್ನೆ ಯಾವುದು? ‘ನಿನಗೆ ಯಾವ ಪಟ್ಟು ಗೊತ್ತು’ ಎಂದಲ್ಲ, ‘ನಿನ್ನ ತೂಕವೆಷ್ಟು’ ಎಂಬುದು. ಮೈಸೂರು ದಸರಾ ನಾಡಕುಸ್ತಿಯಲ್ಲಿ ಅನುಭವಸ್ಥರು ಪೈಲ್ವಾನರನ್ನು ಕಣ್ಣಳತೆಯಲ್ಲಿ ನೋಡಿ ಜೋಡಿ ಕಟ್ಟುವ ಪದ್ಧತಿಯಿದೆ. ಮ್ಯಾಟಿನ ಮೇಲೆ ನಡೆಯುವ ಕುಸ್ತಿಯಲ್ಲಿ ಆ ಕೆಲಸವನ್ನು ತೂಕದ ಯಂತ್ರ ಮಾಡುತ್ತದೆ. ತೂಕದ ಈ ಲೆಕ್ಕ ಕ್ರೀಡಾಪಟುವಿನ ಬದುಕನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ? ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿಯವರ ಉದಾಹರಣೆಯಿಂದ ಇದನ್ನು ತಿಳಿಯೋಣ.

ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಎರಡು ಶೈಲಿಗಳಿವೆ. ಫ್ರೀಸ್ಟೈಲ್‌ನಲ್ಲಿ ಎದುರಾಳಿಯ ಕಾಲನ್ನೂ ಹಿಡಿಯಬಹುದು. ನಮ್ಮ ಗರಡಿ ಕುಸ್ತಿಗೆ ಇದೇ ಹತ್ತಿರ. ಗ್ರೀಕೋ-ರೋಮನ್ ಶೈಲಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಕಾಲು ಕೊಟ್ಟು ಕೆಡವುವಂತೆಯೂ ಇಲ್ಲ. ತೋಳು, ಎದೆ, ಬೆನ್ನುಗಳ ಬಲದಿಂದಲೇ ಎತ್ತಿ ಹಾಕಬೇಕು. 2024ರ ಪ್ಯಾರಿಸ್‌ವರೆಗೆ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಕುಸ್ತಿ ಪದಕಗಳೆಲ್ಲವೂ ಫ್ರೀಸ್ಟೈಲ್‌ನವು. ಅರ್ಜುನ್ ಆರಿಸಿಕೊಂಡದ್ದು ಕಷ್ಟದ ಗ್ರೀಕೋ-ರೋಮನ್ ಶೈಲಿಯನ್ನು.

2020ರ ಫೆಬ್ರವರಿಯಲ್ಲಿ ನವದೆಹಲಿಯಲ್ಲಿ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್ ನಡೆಯಿತು. 55 ಕಿಲೋ ವಿಭಾಗದ ಸೆಮಿಫೈನಲ್‌ನಲ್ಲಿ ಅರ್ಜುನ್ ಇರಾನಿನ ಪೂಯಾ ನಾಸರ್‌ಪೂರ್ ವಿರುದ್ಧ 7-1ರಿಂದ ಮುಂದಿದ್ದರು. ಈ ಶೈಲಿಯಲ್ಲಿ ಎಂಟು ಅಂಕಗಳ ಅಂತರವಾದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಇನ್ನೆರಡು ಅಂಕ ಸಾಕಿತ್ತು. ಆದರೆ ಎದುರಾಳಿ ಅಂಕಗಳನ್ನು ಸೇರಿಸಿಕೊಂಡು 8-7ರಿಂದ ಗೆದ್ದರು. ಕುಸ್ತಿಯ ಒಂದು ಪಂದ್ಯ ಮೂರು ಮೂರು ನಿಮಿಷಗಳ ಎರಡು ಸುತ್ತು ಮಾತ್ರ. ಒಳ್ಳೆಯ ಎಸೆತವೊಂದಕ್ಕೆ ನಾಲ್ಕೈದು ಅಂಕ ಸಿಗುವುದುಂಟು. ಆದ್ದರಿಂದ ಕೊನೆಯ ಗಳಿಗೆಯವರೆಗೆ ಯಾವ ಮುನ್ನಡೆಯೂ ಭದ್ರವಲ್ಲ. ಹಾಗೆ ಸೋತ ಅರ್ಜುನ್, ಅದೇ ಕೂಟದಲ್ಲಿ ದಕ್ಷಿಣ ಕೊರಿಯಾದ ಕುಸ್ತಿಪಟುವನ್ನು 7-4ರಿಂದ ಸೋಲಿಸಿ ಕಂಚಿನ ಪದಕ ಪಡೆದರು. 2022ರ ಏಪ್ರಿಲ್‌ನಲ್ಲಿ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿ ಆತಿಥೇಯ ದೇಶದ ಕುಸ್ತಿಪಟುವನ್ನೇ 10-7ರಿಂದ ಮಣಿಸಿ ಮತ್ತೊಮ್ಮೆ ಕಂಚು ಗೆದ್ದರು.

ಏಷ್ಯಾ ಮಟ್ಟದಲ್ಲಿ ಎರಡು ಪದಕ ಗೆದ್ದವರು ಒಲಿಂಪಿಕ್ಸ್‌ಗೂ ಹೋಗಬಹುದಲ್ಲವೇ ಎಂದು ನೀವು ಕೇಳಬಹುದು. ತೊಡಕು ಇರುವುದು ಇಲ್ಲಿಯೇ. ಏಷ್ಯನ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಪ್ರತಿ ಶೈಲಿಗೂ ಹತ್ತು ತೂಕದ ವಿಭಾಗಗಳಿದ್ದವು. ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಆರೇ. 2021ರಲ್ಲಿ ನಡೆದ ಟೋಕಿಯೊ, 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಗ್ರೀಕೋ-ರೋಮನ್‌ನ ಅತ್ಯಂತ ಕಡಿಮೆ ವಿಭಾಗ 60 ಕಿಲೋ. ಏಷ್ಯನ್ ಕ್ರೀಡಾಕೂಟದಲ್ಲೂ ಇದೇ ಪಟ್ಟಿ. 2020ರಲ್ಲಿ ದೆಹಲಿಯಲ್ಲಿ ಅರ್ಜುನ್ ಜೊತೆಗೇ ಪದಕ ಗೆದ್ದ ಸುನಿಲ್ ಕುಮಾರ್ 87 ಕಿಲೋ ವಿಭಾಗದವರು. ಅವರು 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. 55 ಕಿಲೋದವರಿಗೆ ಅಲ್ಲಿ ಸ್ಪರ್ಧೆಯೇ ಇರಲಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ವರೆಗೆ 55 ಕಿಲೋ ವಿಭಾಗವಿತ್ತು. ಆಗ ಪುರುಷರಿಗೆ ಎರಡೂ ಶೈಲಿಗಳಲ್ಲಿ ಏಳೇಳು, ಮಹಿಳೆಯರಿಗೆ ನಾಲ್ಕೇ ವಿಭಾಗಗಳಿದ್ದವು. 2016ರ ರಿಯೊದಲ್ಲಿ ಮೂರಕ್ಕೂ ಆರಾರು ಎಂದು ಸಮನಾಗಿ ಹಂಚಲಾಯಿತು. ಲಂಡನ್‌ನಲ್ಲಿ ಇಲ್ಲದಿದ್ದ ಮಹಿಳೆಯರ 58 ಕಿಲೋ ವಿಭಾಗದಲ್ಲಿಯೇ ರಿಯೊದಲ್ಲಿ ನಮ್ಮ ಸಾಕ್ಷಿ ಮಲಿಕ್ ಕಂಚು ಗೆದ್ದದ್ದು. ಮಹಿಳೆಯರಿಗೆ ನ್ಯಾಯವಾಗಿಯೇ ಸಲ್ಲಬೇಕಾದ ಪಾಲು ಸಂದಿತು. ಅದೇ ಬದಲಾವಣೆಯಲ್ಲಿ ಅರ್ಜುನ್‌ರಂಥವರ ತೂಕ ಪಟ್ಟಿಯಿಂದ ಬಿಟ್ಟುಹೋಯಿತು.

ಹಾಗಾದರೆ ಐದು ಕಿಲೋ ಹೆಚ್ಚಿಸಿಕೊಂಡರಾಗದೇ? ಐದು ಕಿಲೋ ಎಂದರೆ ಅವರ ದೇಹತೂಕದ ಹನ್ನೊಂದನೆಯ ಒಂದು ಪಾಲು. ಅದು ಸ್ನಾಯುವಾಗಿ ಬೆಳೆಯಬೇಕು, ಚುರುಕು ಕಡಿಮೆಯಾಗಬಾರದು. ಮೇಲಾಗಿ ಅಲ್ಲಿ ಎದುರಾಗುವವರಲ್ಲಿ ಇನ್ನೂ ಹೆಚ್ಚಿನ ತೂಕದಿಂದ ಇಳಿಸಿಕೊಂಡು ಬಂದವರೂ ಇರುತ್ತಾರೆ. ತೂಕ ಇಳಿಸುವುದರ ಅಪಾಯ ಬೇರೆ. 2024ರ ಪ್ಯಾರಿಸ್‌ನಲ್ಲಿ 50 ಕಿಲೋ ವಿಭಾಗದ ಫೈನಲ್ ತಲುಪಿದ್ದ ವಿನೇಶ್ ಫೋಗಟ್, ಅಂದು ಬೆಳಿಗ್ಗೆ ತೂಗಿದಾಗ ನೂರು ಗ್ರಾಂ ಹೆಚ್ಚಿದ್ದ ಕಾರಣಕ್ಕೆ ಅನರ್ಹರಾದುದು ನಿಮಗೆ ನೆನಪಿರಬಹುದು.

ಆದ್ದರಿಂದ ಟೆಲಿವಿಷನ್ನಿನಲ್ಲಿ ಕುಸ್ತಿ ನೋಡುವಾಗ ಹೆಸರಿನ ಪಕ್ಕದಲ್ಲಿರುವ ತೂಕವನ್ನೂ ಗಮನಿಸಿ. ಒಲಿಂಪಿಕ್ಸ್‌ಗೆ ಹೋಗದವರೆಲ್ಲ ಕಡಿಮೆ ಸಾಮರ್ಥ್ಯದವರೆಂದು ತಿಳಿಯಬೇಡಿ. ಕೊರಟಗೆರೆಯ ಪಂದ್ಯಕ್ಕೆ ಹೊರಟ ನಮ್ಮ ಹುಡುಗನಿಗೂ ಒಂದು ಮಾತು: ಬೆಳೆಯುವ ವಯಸ್ಸಿನಲ್ಲಿ ಊಟ, ನೀರು ಬಿಟ್ಟು ತೂಕ ಇಳಿಸಲು ಹೋಗಬೇಡ. ಈ ವರ್ಷ ನಿನ್ನ ಮೈ ಎಷ್ಟು ತೂಗುತ್ತದೆಯೋ ಆ ವಿಭಾಗದಲ್ಲೇ ಆಡು.