ಅಡಿಕೆ ತೋಟದೊಳಗೆ ರೊಬಸ್ಟಾ: ನೆಡುವ ಮುನ್ನ ನಾಲ್ಕು ಮಾತು

ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈಗ ನೆಮ್ಮದಿಯಿಲ್ಲ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಬಹುಕಾಲದಿಂದ ತೋಟಗಳನ್ನು ಬರಿದು ಮಾಡುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಜೊತೆ ಸೇರಿದೆ. ಇತ್ತ 2024ರಲ್ಲಿ ರೊಬಸ್ಟಾ ಕಾಫಿಯ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು. ಹೀಗಾಗಿ ಅಡಿಕೆಯ ನಡುವೆ ಕಾಫಿ ಹಾಕೋಣವೇ ಎಂದು ಕೇಳುವ ಸದಸ್ಯರು ಹೆಚ್ಚಾಗಿದ್ದಾರೆ.

ಹಾಕಬಹುದು ಎಂಬುದೇ ನಮ್ಮ ಉತ್ತರ. ಆದರೆ ಧಾರಣೆ ನೋಡಿ ಹಾಕಬಾರದು. ಇಂದು ನೆಟ್ಟ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಅಂದಿನ ಧಾರಣೆ ಬಲ್ಲವರಾರು? ಗಿಡವಾದರೋ ಚೆನ್ನಾಗಿ ನೋಡಿಕೊಂಡರೆ ಮಕ್ಕಳ ಕಾಲಕ್ಕೂ ನಿಲ್ಲುವಂಥದು.

ಜಾಗ ಮತ್ತು ನಾಟಿ

ಕಾಫಿಯ ಬೇರಿಗೆ ನಿಂತ ನೀರು ಆಗದು. ಬಸಿಗಾಲುವೆ ಹೂತುಹೋದ ತೋಟದಲ್ಲಿ ಮೊದಲು ಕಾಲುವೆ ಬಿಡಿಸಿ, ಆಮೇಲೆ ಗಿಡದ ಯೋಚನೆ ಮಾಡಿ. ನಾವು ಈ ಕೆಲಸ ಮುಂದೂಡಿ, ತಗ್ಗಿನ ಸಾಲಿನ ಗಿಡಗಳನ್ನೆಲ್ಲ ಒಂದೇ ಮಳೆಗಾಲದಲ್ಲಿ ಕಳೆದುಕೊಂಡೆವು.

ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಜೂನ್‌ನಲ್ಲಿ ಮಳೆ ಹಿಡಿದಾಗ ಚೀಲದ ಸಸಿ ನೆಡಿ. ನಾಲ್ಕು ಅಡಿಕೆ ಮರಗಳ ನಟ್ಟನಡುವೆ ಗುಂಡಿ ಬಂದರೆ ಅಡಿಕೆಯ ಬೇರಿಗೆ ಪೆಟ್ಟು ಕಡಿಮೆ. ಒಂಬತ್ತು ಅಡಿ ಅಂತರದ ತೋಟದಲ್ಲಿ ಪ್ರತಿ ಚೌಕದಲ್ಲೂ ನೆಡುವ ಆಸೆ ಬೇಡ; ಸಾಲು ಬಿಟ್ಟು ಸಾಲು ಸಾಕು. ಎಲ್ಲ ಚೌಕ ತುಂಬಿಸಿದ ನಾವು ಆರನೆಯ ವರ್ಷ ಅರ್ಧ ಗಿಡ ಕಡಿಯಬೇಕಾಯಿತು. ಕೊಯ್ಲಿಗೆ ಆಳು ನುಗ್ಗಲೂ ದಾರಿ ಉಳಿದಿರಲಿಲ್ಲ.

ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಕೊಟ್ಟ ಸಿ×ಆರ್ ತಳಿಯ ಗಿಡ ಸಣ್ಣದು, ಅಡಿಕೆಯ ನಡುವೆ ಹೊಂದಿಕೊಳ್ಳುತ್ತದೆ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟದು. ಆದ್ದರಿಂದ ಒಂದೇ ಗಿಡದ ಗೆಲ್ಲಿನಿಂದ ಮಾಡಿದ ಸಸಿಗಳನ್ನಷ್ಟೇ ತೋಟಕ್ಕೆಲ್ಲ ನೆಡಬಾರದು.

ನೀರು ಮತ್ತು ಹೂವು

ಅಡಿಕೆಯವರು ಎಡವುವುದು ಇಲ್ಲಿಯೇ. ಅಡಿಕೆಗೆ ಬೇಸಿಗೆಯುದ್ದಕ್ಕೂ ನೀರು ಬೇಕು. ಕಾಫಿ ಮೊಗ್ಗಿಗೆ ಮಾತ್ರ ಹೂವಿಗೆ ಮುಂಚೆ ಕೆಲವು ವಾರದ ಒಣ ಹವೆ ಬೇಕು. ಅಡಿಕೆಗೆಂದು ಜನವರಿಯಲ್ಲಿ ಸ್ಪ್ರಿಂಕ್ಲರ್ ತಿರುಗಿಸುತ್ತಿದ್ದರೆ ಕಾಫಿ ಇಂದು ನಾಲ್ಕು, ನಾಳೆ ಹತ್ತು ಎಂದು ಬಿಡಿಬಿಡಿಯಾಗಿ ಹೂ ಬಿಡುತ್ತದೆ. ಹಣ್ಣೂ ಹಾಗೆಯೇ ಬಂದು ಕೊಯ್ಲಿನ ಕೂಲಿ ಮೈಮೇಲೆ ಬೀಳುತ್ತದೆ.

ಅಡಿಕೆಯ ಬುಡಕ್ಕೆ ಹನಿ ನೀರು ಹಾಕಿ, ಕಾಫಿಯನ್ನು ಒಣಗಲು ಬಿಡುವುದು ಇದಕ್ಕೆ ದಾರಿ. ಮೊಗ್ಗು ಬಲಿತ ಮೇಲೆ ಫೆಬ್ರವರಿ-ಮಾರ್ಚ್‌ನಲ್ಲಿ ಒಂದರಿಂದ ಒಂದೂವರೆ ಇಂಚು ಮಳೆಗೆ ಸಮನಾಗಿ ಒಮ್ಮೆಗೇ ನೀರು ಹಾರಿಸಿ. ಎಂಟು ಹತ್ತು ದಿನದಲ್ಲಿ ತೋಟ ಬಿಳಿಯಾಗುತ್ತದೆ. ಎರಡು ಮೂರು ವಾರದ ಮೇಲೆ ಬ್ಯಾಕಿಂಗ್ ನೀರು ತಪ್ಪಿಸಬೇಡಿ. ತಪ್ಪಿದರೆ ಕಾಯಿ ನಿಲ್ಲದು. ಹೂವಿನ ದಿನಗಳಲ್ಲಿ ಕೀಟನಾಶಕ ಹೊಡೆಯಬೇಡಿ. ಆಗ ಜೇನು ನಮ್ಮ ಆಳು.

ಆರೈಕೆ

ನಾಲ್ಕು ಅಡಿಗೆ ನೆತ್ತಿ ಚಿವುಟಿ, ಕೊಯ್ಲಾದ ಮೇಲೆ ಒಣಗೆಲ್ಲು ತೆಗೆದು ಕಸಿ ಮಾಡಿ, ಬೇಡದ ಚಿಗುರನ್ನು ಆಗಾಗ ಮುರಿಯಿರಿ. ಕಾಫಿಗೆ ಅದರದೇ ಗೊಬ್ಬರ ಕೊಡಿ. ಕೊಡದಿದ್ದರೆ ಅದು ಅಡಿಕೆಯ ಪಾಲಿಗೆ ಕೈ ಹಾಕುತ್ತದೆ. ಕಾಯಿಕೊರಕ ನಮ್ಮ ದೇಶದಲ್ಲಿ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡಿತು. ಈಗ ಅದು ನಮ್ಮ ಕಡೆಯೂ ಇದೆ. ಗಿಡದಲ್ಲುಳಿದ, ನೆಲಕ್ಕುದುರಿದ ಹಣ್ಣನ್ನು ಆರಿಸಿ ತೆಗೆಯುವುದೇ ಅದಕ್ಕೆ ಮೊದಲ ಮದ್ದು.

ಒಂದು ಮಾತು ನೆನಪಿರಲಿ. ಕಾಫಿ ನೆಟ್ಟರೆ ಅಡಿಕೆಯ ರೋಗ ವಾಸಿಯಾಗದು. ಅಡಿಕೆ ಕೈಕೊಟ್ಟ ವರ್ಷ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಮೊದಲ ವರ್ಷ ಅರ್ಧ ಎಕರೆಯಲ್ಲಿ ನೆಟ್ಟು ನೋಡಿ. ಗಿಡ ನಿಮಗೆ, ನೀವು ಗಿಡಕ್ಕೆ ಒಗ್ಗಿದ ಮೇಲೆ ಮುಂದಿನ ಹೆಜ್ಜೆ ಇಡೋಣ.