ಅಪ್ಪನ ಟ್ರಂಕು, 7 ಲಿವರ್ ಬೀಗ

ಅಪ್ಪನ ಟ್ರಂಕಿನ ಕೀ ಯಾವಾಗಲೂ ಅವರ ಉಡಿದಾರದಲ್ಲೇ ಇರುತ್ತಿತ್ತು. ಹೋದ ವರ್ಷ ಅವರು ತೀರಿಕೊಂಡಾಗ, ಆ ಗಡಿಬಿಡಿಯಲ್ಲಿ ಅದನ್ನು ಬಿಚ್ಚಿಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ತೋಟದ ಕ್ರಯಪತ್ರ ಬೇಕಾಯಿತು. ಅದು ಟ್ರಂಕಿನೊಳಗಿತ್ತು. ಮೇಲೆ '7 ಲಿವರ್' ಎಂದು ಅಚ್ಚೊತ್ತಿದ ಹಿತ್ತಾಳೆ ಬೀಗ. ಚಿಕ್ಕಪ್ಪ ಸುತ್ತಿಗೆ ಹಿಡಿದುಕೊಂಡೇ ಬಂದರು. "ಒಡೀಬೇಡಿ. ನಾನು ಮದುವೆಯಾಗಿ ಬಂದ ವರ್ಷ ಅವರು ತಂದಿದ್ದು" ಅಂದರು ಅಮ್ಮ.

"ನಾನು ತೆಗೀತೀನಿ, ಬಿಡಿ" ಅಂದೆ. ಹಾಗನ್ನುವುದಕ್ಕೆ ನನಗೆ ಧೈರ್ಯ ಇತ್ತು. ಆರು ತಿಂಗಳಿಂದ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ನಾನು ಕಲಿಯುತ್ತಿದ್ದದ್ದೇ ಅದನ್ನು: ಕೀ ಇಲ್ಲದೆ ಬೀಗ ತೆರೆಯುವುದು.

ಕಳ್ಳರ ವಿದ್ಯೆ ಅನ್ನಬೇಡಿ, ಅಮ್ಮ ಆಗಲೇ ಅಂದಾಗಿದೆ. ಈ ಹವ್ಯಾಸದವರಿಗೆ ಎರಡು ಕಟ್ಟುನಿಟ್ಟಾದ ನಿಯಮಗಳಿವೆ. ನಿನ್ನದಲ್ಲದ ಬೀಗ ಮುಟ್ಟಬೇಡ. ನಿನ್ನದೇ ಆದರೂ ಬಳಕೆಯಲ್ಲಿರುವ ಬೀಗದ ಮೇಲೆ ಅಭ್ಯಾಸ ಮಾಡಬೇಡ. ಎರಡನೆಯದನ್ನು ಮುರಿದು ಒಂದು ರಾತ್ರಿ ಮನೆಯ ಹೊರಗೆ, ಮೆಟ್ಟಿಲ ಮೇಲೆ ಕೂತ ಅನುಭವವೂ ನನಗಿದೆ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪಿನ್ ಬೀಗ ಹೇಗೆ ಕೆಲಸ ಮಾಡುತ್ತೆ ಗೊತ್ತಾ? ಕೀ ಹೋಗುವ ತೂತಿನ ಸುತ್ತ ಒಂದು ಉರುಳೆ ಇರುತ್ತೆ. ಅದು ತಿರುಗದ ಹಾಗೆ ನಾಲ್ಕೋ ಐದೋ ಜೋಡಿ ಪಿನ್‌ಗಳನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತೆ. ಸರಿಯಾದ ಕೀಯ ಏರುತಗ್ಗು ಪ್ರತಿ ಜೋಡಿಯನ್ನೂ ಎಷ್ಟು ಬೇಕೋ ಅಷ್ಟೇ ಎತ್ತುತ್ತೆ. ಜೋಡಿಗಳು ಬೇರ್ಪಡುವ ಗೆರೆ ಉರುಳೆಯ ಅಂಚಿಗೆ ಸರಿಯಾಗಿ ಬಂದರೆ ಬೀಗ ತಿರುಗುತ್ತೆ. 1861ರಲ್ಲಿ ಅಮೆರಿಕದ ಲೈನಸ್ ಯೇಲ್ ಜೂನಿಯರ್ ಇದಕ್ಕೆ ಪೇಟೆಂಟ್ ಪಡೆದ. ನಮ್ಮ ಮುಂಬಾಗಿಲುಗಳು ಇವತ್ತಿಗೂ ಹೆಚ್ಚುಕಮ್ಮಿ ಅದನ್ನೇ ನಂಬಿಕೊಂಡಿವೆ.

ಐದು ಪಿನ್, ಒಂದೊಂದಕ್ಕೂ ಆರು ಎತ್ತರ ಅಂತಿಟ್ಟುಕೊಳ್ಳಿ. ಒಟ್ಟು 7776 ಸಾಧ್ಯತೆ. ಒಂದೊಂದೇ ಕೀ ಹಾಕಿ ನೋಡುತ್ತಾ ಹೋದರೆ ಬೆಳಗಾಗುತ್ತೆ. ಆದರೆ ಯಾವ ಕಾರ್ಖಾನೆಯೂ ಐದು ತೂತುಗಳನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೊರೆಯಲಾರದು. ಹಾಗಾಗಿ ಉರುಳೆಗೆ ಒಂದು ಬಾಗಿದ ಪಟ್ಟಿಯಿಂದ ಮೆಲ್ಲಗೆ ತಿರುವು ಕೊಟ್ಟರೆ ಎಲ್ಲ ಪಿನ್ನೂ ಒಟ್ಟಿಗೆ ಬಿಗಿಯಾಗಲ್ಲ, ಒಂದು ಮಾತ್ರ ಮೊದಲು ಬಿಗಿಯಾಗುತ್ತೆ. ಅದನ್ನು ತಂತಿಯಿಂದ ಎತ್ತಿದರೆ 'ಟಿಕ್' ಅಂತ ಕೂರುತ್ತೆ. ಆಮೇಲೆ ಇನ್ನೊಂದು. 7776 ಹೋಗಿ ಲೆಕ್ಕ ಹೆಚ್ಚೆಂದರೆ ಮೂವತ್ತಕ್ಕೆ ಇಳಿಯಿತು.

ನಾವು ಕೋಡ್ ಬರೆಯುವವರಿಗೆ ಇದು ಹೊಸದಲ್ಲ. ತಪ್ಪು ಪಾಸ್‌ವರ್ಡ್ ಹಾಕಿದಾಗ "ಮೊದಲ ಅಕ್ಷರ ಸರಿಯಿದೆ" ಅಂತ ಹೇಳಿಬಿಡುವ ಲಾಗಿನ್ ಪುಟವನ್ನು ನೆನೆಸಿಕೊಳ್ಳಿ. ಅಗ್ಗದ ಬೀಗ ಮಾಡುವುದು ಅದನ್ನೇ. ಸೂಟ್‌ಕೇಸಿನ ಮೂರಂಕಿ ನಂಬರ್ ಲಾಕ್ ಇನ್ನೂ ಬಾಯಿಬಡುಕ. ಕೊಂಡಿ ಎಳೆದು ಹಿಡಿದು ಗಾಲಿ ತಿರುಗಿಸಿದರೆ ಎಷ್ಟೋ ಲಾಕ್‌ಗಳಲ್ಲಿ ಸರಿಯಾದ ಅಂಕಿ ಬೆರಳಿಗೇ ತಿಳಿಯುತ್ತೆ. ನಿಮ್ಮದೇ ಸೂಟ್‌ಕೇಸ್ ತೆಗೆದು ನೋಡಿ.

ಇಷ್ಟೆಲ್ಲ ಜ್ಞಾನ ಇಟ್ಟುಕೊಂಡು ಟ್ರಂಕಿನ ಮುಂದೆ ಕೂತೆ. ಒಂದು ಗಂಟೆ ಆಯಿತು, ಎರಡಾಯಿತು. ಚಿಕ್ಕಪ್ಪ ಕಾಫಿ ಕುಡಿದರು, ಊಟ ಮಾಡಿದರು, ಒಂದು ನಿದ್ದೆಯನ್ನೂ ತೆಗೆದರು. ಬೀಗ ಅಲ್ಲಾಡಲಿಲ್ಲ.

ಲಿವರ್ ಬೀಗದಲ್ಲಿ ಪಿನ್ನೂ ಇಲ್ಲ, ಉರುಳೆಯೂ ಇಲ್ಲ. ತೆಳು ತಗಡುಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಒಂದೊಂದರಲ್ಲೂ ಒಂದು ಕಚ್ಚು. ಏಳೂ ತಗಡಿನ ಕಚ್ಚುಗಳು ಒಂದೇ ಸಾಲಿಗೆ ಬಂದಾಗ ಮಾತ್ರ ಒಳಗಿನ ಅಗುಳಿ ಸರಿಯುತ್ತೆ. ಕಡಿಮೆ ಎತ್ತಿದರೂ ಇಲ್ಲ, ಜಾಸ್ತಿ ಎತ್ತಿದರೂ ಇಲ್ಲ. ತಿರುವು ಕೊಡಬೇಕಾದದ್ದೂ ಹೊರಗಿನ ಉರುಳೆಗಲ್ಲ, ಆಳದಲ್ಲಿರುವ ಅಗುಳಿಗೆ. ನನ್ನ ಪಟ್ಟಿ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ.

ಲಿವರ್ ಬೀಗವೇನೂ ಅಜೇಯ ಅಲ್ಲ. ಲಂಡನ್ನಿನ ಚಬ್ ಕಂಪನಿಯ 'ಡಿಟೆಕ್ಟರ್' ಬೀಗದಲ್ಲಿ ಯಾರಾದರೂ ಲಿವರನ್ನು ಅತಿಯಾಗಿ ಎತ್ತಿದರೆ ಬೀಗ ಸಿಕ್ಕಿಹಾಕಿಕೊಂಡು, ಯಾರೋ ಕೈಹಾಕಿದ್ದಾರೆ ಅಂತ ಯಜಮಾನನಿಗೆ ತಿಳಿಸುತ್ತಿತ್ತು. 1851ರಲ್ಲಿ ಅಲ್ಲಿನ ಮಹಾ ಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಅದನ್ನು ಅರ್ಧ ಗಂಟೆಯೊಳಗೆ ತೆರೆದ. ಸಿಕ್ಕಿಹಾಕಿಕೊಂಡಿತು ಅಂದರೆ ಎತ್ತಿದ್ದು ಹೆಚ್ಚಾಯಿತು ಅಂತ ತಾನೇ? ಬೀಗದ ಚಾಡಿಯೇ ಅವನಿಗೆ ಸುಳಿವಾಯಿತು. ಅದೇ ವರ್ಷ ಬ್ರಾಮಾ ಕಂಪನಿಯ ಬೀಗ ಮಾತ್ರ ಅವನಿಂದ 16 ದಿನಗಳಲ್ಲಿ 51 ಗಂಟೆ ದುಡಿಸಿಕೊಂಡಿತು. ಅರವತ್ತು ವರ್ಷ ಯಾರಿಗೂ ದಕ್ಕದೆ ಉಳಿದಿದ್ದ 200 ಗಿನಿ ಬಹುಮಾನ ಕೊನೆಗೆ ಅವನ ಪಾಲಾಯಿತು.

ನಾನು ಹಾಬ್ಸ್ ಅಲ್ಲ. ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಮರದ ಕೆಳಗೆ ಕೂತು ಕೀ ಮಾಡಿಕೊಡುವ ಅಜ್ಜನ ಬಳಿ ಹೋದೆ. ಫೋಟೋ ತೋರಿಸಿದರೂ ಅವರು ನೋಡಲಿಲ್ಲ. "ಯಾರ್ದಪ್ಪ ಪೆಟ್ಟಿಗೆ?" ಅಂತ ಕೇಳಿ ಸ್ಕೂಟರ್ ಹಿಂದೆ ಕೂತು ಮನೆಗೇ ಬಂದರು. ಅಮ್ಮನ ಹತ್ತಿರ, "ತೆಗೀಲೇನವ್ವ?" ಅಂತ ಕೇಳಿದ ಮೇಲೇ ಚೀಲ ಬಿಚ್ಚಿದ್ದು.

ಕೊರೆಯದ ಒಂದು ಕೀಗೆ ದೀಪದ ಮಸಿ ಹಿಡಿಸಿ ಬೀಗಕ್ಕೆ ಹಾಕಿ ತಿರುವಿದರು, ತೆಗೆದು ಬೆಳಕಿಗೆ ಹಿಡಿದರು. ಲಿವರ್ ತಾಗಿದ ಕಡೆ ಮಸಿ ಅಳಿಸಿತ್ತು. ಅಲ್ಲಿ ಅರದಿಂದ ಎರಡು ಸಲ ತಿಕ್ಕಿ, ಮತ್ತೆ ಮಸಿ, ಮತ್ತೆ ಬೀಗ. ನಾನು ಆರು ತಿಂಗಳು ಬೆರಳಲ್ಲಿ ಕೇಳಲು ಕಲಿತದ್ದನ್ನು ಅವರು ಕಣ್ಣಲ್ಲಿ ಓದುತ್ತಿದ್ದರು. ಮುಕ್ಕಾಲು ಗಂಟೆಗೆ ಬೀಗ ತೆರೆಯಿತು, ಒಂದು ಗೀರೂ ಇಲ್ಲದೆ. ತೆಗೆದುಕೊಂಡದ್ದು 250 ರೂಪಾಯಿ. ನನ್ನ ತಂತಿಗಳನ್ನು ಎತ್ತಿ ನೋಡಿ, "ಚೆನ್ನಾಗವೆ" ಅಂತಷ್ಟೇ ಹೇಳಿ ವಾಪಸ್ ಇಟ್ಟರು.

ಕ್ರಯಪತ್ರ ಮೇಲೇ ಇತ್ತು. ಕೆಳಗೆ ನನ್ನ ಎಸ್‌ಎಸ್‌ಎಲ್‌ಸಿ ಹಾಲ್ ಟಿಕೆಟ್, ಹಳೇ ಹಾಲಿನ ಲೆಕ್ಕದ ಪುಸ್ತಕಗಳು, ಅಮ್ಮನಿಗೂ ಗೊತ್ತಿಲ್ಲದ ಒಂದು ಅಂಚೆ ಕಚೇರಿ ಪಾಸ್‌ಬುಕ್. ಅಮ್ಮ ಕ್ರಯಪತ್ರ ಮಾತ್ರ ಚಿಕ್ಕಪ್ಪನಿಗೆ ಕೊಟ್ಟು, ಉಳಿದದ್ದನ್ನು ಹಾಗೇ ಇಟ್ಟು ಮತ್ತೆ ಅದೇ ಬೀಗ ಹಾಕಿದರು.

"ಇನ್ನೊಂದು ಕೀ ಮಾಡಿಸಿಕೊಂಡು ಬಾರೋ. ನಿನ್ನ ಹತ್ರಾನೂ ಒಂದಿರಲಿ" ಅಂದರು. ಅಜ್ಜ ಆಗಲೇ ಗೇಟು ದಾಟಿದ್ದರು. ಕೀ ಹಿಡಿದುಕೊಂಡು ಓಡಿದೆ.